ಎಪ್ಪತ್ತೈದು ಸಾವಿರದ ಜಗಲಿ

ಮುಂಬಯಿಯಲ್ಲಿ ಯಾವ ಸಾಮಾನು ಕೊಳ್ಳಲು ಹೊರಟರೂ ಮೊದಲು ಏಳುವ ಪ್ರಶ್ನೆ ಒಂದೇ - ‘ಇದನ್ನ ಇಡೋದೆಲ್ಲಿ?’ ಬೆಲೆಯ ಮಾತು ಆಮೇಲೆ. ಊರಲ್ಲಿ ಹಾಗಲ್ಲ. ಶಿವಮೊಗ್ಗದ ನನ್ನ ತವರಿನಲ್ಲಿ ಕೆಟ್ಟು ಕೂತ ರೇಡಿಯೋಗೂ ಒಂದು ಮೂಲೆ ಇದೆ, ಯಾರೂ ತೂಗದ ತೊಟ್ಟಿಲಿಗೂ ಅಟ್ಟದ ಮೇಲೆ ಜಾಗ ಇದೆ. ಡೊಂಬಿವಲಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಅದರಲ್ಲಿ ನಾನು, ನಮ್ಮನೆಯವರು, ಅತ್ತೆ, ಮಗ. ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಹೊಸದಾಗಬೇಕು. ಮನೆ ಮಾಲೀಕರ ಮನಸ್ಸು ತಿರುಗಿದರೆ ಗಂಟುಮೂಟೆ ಕಟ್ಟಬೇಕು. ಹತ್ತೊಂಬತ್ತು ವರ್ಷದಲ್ಲಿ ಇದು ಐದನೇ ಮನೆ.

ಇಂಥ ಮನೆಯಲ್ಲಿ ಮಗ 2025ರಲ್ಲಿ ಹನ್ನೆರಡನೇ ತರಗತಿ ಮುಗಿಸಿ ಇಂಜಿನಿಯರಿಂಗ್ ಸೇರಿದ. ‘ಲ್ಯಾಪ್‌ಟಾಪ್ ಬೇಕು’ ಅಂದ. ಸರಿ, ಬೇಕೇಬೇಕು. ‘ಗೇಮಿಂಗ್ ಲ್ಯಾಪ್‌ಟಾಪೇ ಬೇಕು’ ಅಂದ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಮಾತ್ರ, “ಆಟ ಆಡೋಕೂ ಮಿಷನ್ನಾ?” ಅಂದರು.

ಶಿವಮೊಗ್ಗಕ್ಕೆ ಫೋನು ಮಾಡಿದೆ. ಅಣ್ಣ ಅಂದ, “ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಹಾಕ್ಸು ಮಾರಾಯ್ತಿ. ಇದರಪ್ಪನಂಥ ಮಿಷನ್ ಬರುತ್ತೆ. ಒಂದು ಭಾಗ ಹೋದ್ರೆ ಅದೊಂದನ್ನೇ ಬದಲಾಯಿಸಬಹುದು.” ಅವನ ಮಾತು ನಿಜ. ಅಷ್ಟೇ ದುಡ್ಡಿಗೆ ಡೆಸ್ಕ್‌ಟಾಪ್ ಹೆಚ್ಚು ಶಕ್ತಿ ಕೊಡುತ್ತದೆ, ಕಡಿಮೆ ಬಿಸಿಯಾಗುತ್ತದೆ, ಹೆಚ್ಚು ಬಾಳುತ್ತದೆ. ಊರಲ್ಲಿ ಸ್ವಂತ ಮನೆ, ಒಂದು ಮೇಜು, ಮೇಜಿಗೊಂದು ಗೋಡೆ ಇರುವವರು ಅದನ್ನೇ ಕೊಳ್ಳಲಿ. ನಮಗೆ ಬೇಕಾದದ್ದು ರಾತ್ರಿ ಹತ್ತಕ್ಕೆ ಮಡಚಿ ಕಪಾಟಿನಲ್ಲಿ ಇಡಬಹುದಾದದ್ದು, ಮನೆ ಬದಲಾಯಿಸುವಾಗ ಬೆನ್ನಿಗೆ ಹಾಕಿಕೊಂಡು ಲೋಕಲ್ ಟ್ರೇನ್ ಹತ್ತಬಹುದಾದದ್ದು.

ಇರಲಿ. ಅಲ್ಲಿಗೆ ಲ್ಯಾಪ್‌ಟಾಪ್ ಎಂಬುದು ತೀರ್ಮಾನವಾಯಿತು. ಆದರೆ ಗೇಮಿಂಗ್ ಯಾಕೆ? ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಮನೆಯ ಕನ್ನಡದ ಕಥೆ ಹೇಳಬೇಕು.

ಮನೆಯಲ್ಲಿ ನಾವು ಆಡುವುದು ಕನ್ನಡವೇ. ಮಗನಿಗೆ ಎಲ್ಲ ಅರ್ಥವಾಗುತ್ತದೆ. ಆದರೆ ಉತ್ತರ ಬರುವುದು ಹಿಂದಿಯಲ್ಲಿ. ಗೆಳೆಯರ ಜತೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಶಿವಮೊಗ್ಗದಿಂದ ನನ್ನ ಅಮ್ಮ ಫೋನು ಮಾಡಿದರೆ “ಹ್ಞೂ... ಊಟ ಆಯ್ತು... ಚೆನ್ನಾಗಿದೀನಿ...” ಇಷ್ಟೇ. ಅಮ್ಮ ಒಂದು ಸಲ ನನಗೆ, “ನಿನ್ನ ಮಗನ ಹತ್ರ ಮಾತಾಡೋದೂ ಒಂದೇ, ಬ್ಯಾಂಕಿಗೆ ಫೋನ್ ಮಾಡೋದೂ ಒಂದೇ” ಅಂದಿದ್ದಳು. ಹೊರನಾಡಿನ ಮನೆಗಳಲ್ಲಿ ಇದು ಹೊಸ ಕಥೆಯೇನಲ್ಲ ಬಿಡಿ.

ಆದರೆ ಒಂದು ಜಾಗದಲ್ಲಿ ಮಾತ್ರ ಅವನ ಬಾಯಲ್ಲಿ ಕನ್ನಡ ತಾನಾಗಿ ಹರಿಯುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಅವನೂ ಅಣ್ಣನ ಮಗನೂ ಫೋನಿನಲ್ಲಿ ಪಬ್‌ಜಿ ಆಡಲು ಶುರು ಮಾಡಿದರು. ಸೆಪ್ಟೆಂಬರಿನಲ್ಲಿ ಅದು ನಿಷೇಧವಾಯಿತು. 2021ರ ಜುಲೈನಲ್ಲಿ ಅದರದೇ ಭಾರತದ ರೂಪ ಬಿಜಿಎಂಐ ಬಂತು. ಇವರ ಆಟ ಮತ್ತೆ ಶುರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, “ಲೇ, ಹಿಂದೆ ನೋಡೋ! ಮೆಟ್ಟಿಲ ಹತ್ರ ಒಬ್ಬ ಕೂತಿದಾನೆ... ನಿಂಗೆ ಕಣ್ಣು ಕಾಣಲ್ವೇನೋ!” ಅಂತ ಕಿರುಚುವ ಹುಡುಗ ನಮ್ಮವನೇನಾ ಅಂತ ಅಡುಗೆಮನೆಯಿಂದ ಬಗ್ಗಿ ನೋಡುತ್ತಿದ್ದೆ. ಅಪ್ಪಟ ಶಿವಮೊಗ್ಗದ ಕನ್ನಡ, ಬೈಗುಳದ ಸಮೇತ!

ಆಮೇಲೆ ಅಣ್ಣನ ಮಗ ಪಿಯುಸಿಗೆ ಬಂದ. ಅವನಿಗೆ ಡೆಸ್ಕ್‌ಟಾಪ್ ಬಂತು. ಅವನು ಕಂಪ್ಯೂಟರಿನಲ್ಲಿ ಆಡುವ ವ್ಯಾಲರಂಟ್‌ಗೆ ಹೊರಟುಹೋದ. ನಮ್ಮವನ ಕೈಯಲ್ಲಿ ಉಳಿದದ್ದು ಫೋನು. ಆಟ ನಿಂತಿತು, ಮಾತೂ ನಿಂತಿತು. ಸುಮಾರು ಒಂದು ವರ್ಷ ನಮ್ಮ ಮನೆಯಲ್ಲಿ ಆ ಕನ್ನಡ ಕೇಳಲೇ ಇಲ್ಲ. ಇವನು ಗೇಮಿಂಗ್ ಲ್ಯಾಪ್‌ಟಾಪ್ ಕೇಳಿದಾಗ ನನಗೆ ಮೊದಲು ಕೇಳಿಸಿದ್ದು ಅದೇ - ‘ಮೆಟ್ಟಿಲ ಹತ್ರ ಒಬ್ಬ ಕೂತಿದಾನೆ.’ ನಮ್ಮನೆಯವರಿಗೂ ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಎಪ್ಪತ್ತೈದು ಸಾವಿರ. ಅದರ ಮೇಲೆ ಒಂದು ರೂಪಾಯಿ ಇಲ್ಲ” ಅಂದರು.

‘ಆಟ ಅಂದ್ರೆ ಜೂಜಲ್ವಾ?’ ಎಂದು ಊರಿನ ಕೆಲವರು ಕೇಳಿದರು. ಅಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂತು. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿ ಮಾನ್ಯ ಮಾಡಿದೆ. ವ್ಯಾಲರಂಟ್‌ನಂಥ ಆಟ ಆಡಲು ಕಾಸು ಕೊಡಬೇಕಿಲ್ಲ. ಕಾಸು ಕೇಳುವುದು ಬಣ್ಣದ ಬಂದೂಕು, ವೇಷಭೂಷಣಕ್ಕೆ. ಅದಕ್ಕೆ ನಮ್ಮ ಮನೆಯಲ್ಲಿ ಮೊದಲೇ ಬಾಗಿಲು ಹಾಕಿಯಾಗಿತ್ತು.

ಇನ್ನು ಆಯ್ಕೆಯ ವಿಷಯ. ಪ್ರತಿ ಊರಿಗೂ ಕಂಪ್ಯೂಟರಿನ ಒಂದು ಸಂತೆಬೀದಿ ಇದೆ. ಬೆಂಗಳೂರಿಗೆ ಎಸ್.ಪಿ. ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್, ದೆಹಲಿಗೆ ನೆಹರೂ ಪ್ಲೇಸ್, ಸಿಕಂದರಾಬಾದಿಗೆ ಚೆನಾಯ್ ಟ್ರೇಡ್ ಸೆಂಟರ್. ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್. ಅದರ ಸರಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಜನರ ಬಾಯಲ್ಲಿ ಇಂದಿಗೂ ಆ ಬ್ರಿಟಿಷ್ ಗವರ್ನರನೇ. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಾಯಿಸಿ ಗ್ರಾಂಟ್ ರೋಡ್, ಅಲ್ಲಿಂದ ನಡಿಗೆ. ಹೋಗುವ ಮೊದಲು ಮಗ ಒಂದು ವಾರ ನನಗೆ ಪಾಠ ಮಾಡಿದ. ಅವನು ಹೇಳಿದ್ದನ್ನು ನನ್ನ ಅಡುಗೆಮನೆಯ ಭಾಷೆಗೆ ಇಳಿಸಿಕೊಂಡು ಅರ್ಥ ಮಾಡಿಕೊಂಡೆ. ನಿಮಗೂ ಹಾಗೇ ಹೇಳುತ್ತೇನೆ.

ಮೊದಲನೆಯದು ಗ್ರಾಫಿಕ್ಸ್ ಕಾರ್ಡ್. ಆಟಕ್ಕೆ ಅದೇ ಒಲೆ. ನಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಕಂಡ ಹೆಸರುಗಳು - ಆರ್‌ಟಿಎಕ್ಸ್ 2050, 3050, 4050. ಸ್ವಲ್ಪ ಮೇಲೆ ಎಟುಕದ ದ್ರಾಕ್ಷಿಯಾಗಿ 4060 ಮತ್ತು ಆ ವರ್ಷವೇ ಬಂದ 5050. 2050ರಲ್ಲಿ ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ. 3050ರಲ್ಲಿ 4 ಇರುವುದೂ ಉಂಟು, 6 ಇರುವುದೂ ಉಂಟು. 4050ರಲ್ಲಿ 6; 4060 ಮತ್ತು 5050ರಲ್ಲಿ 8. ಈ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ವ್ಯಾಲರಂಟ್ ಒಂದೇ ಆಡುವುದಾದರೆ 3050 ಧಾರಾಳ ಸಾಕು. ಅದು ಬಡವರ ಕಂಪ್ಯೂಟರಿನಲ್ಲೂ ಓಡಲಿ ಅಂತಲೇ ಮಾಡಿದ ಆಟ. ಆದರೆ ನಾಲ್ಕು ವರ್ಷದ ಕಾಲೇಜು, ಅಷ್ಟರಲ್ಲಿ ಬರುವ ದೊಡ್ಡ ಆಟಗಳು, ತ್ರೀ-ಡಿ ಚಿತ್ರದ ಸಾಫ್ಟ್‌ವೇರು - ಇವನ್ನೆಲ್ಲ ನೋಡಿದರೆ 4 ಜಿಬಿ ಬೇಗ ಇಕ್ಕಟ್ಟಾಗುತ್ತದೆ. ಹಾಗಾಗಿ 4050 ಎಂದು ನಿಂತೆವು.

ಎರಡನೆಯದು ಆ ಒಲೆಯ ಉರಿ. ಇದನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಯಾರೂ ಬರೆಯುವುದಿಲ್ಲ. ಒಂದೇ 4050 ಕಾರ್ಡನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಿಹಾಕಬಹುದು. ತೆಳ್ಳಗೆ ಚೆಂದ ಕಾಣುವ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕಡಿಮೆ ವ್ಯಾಟ್, ದಪ್ಪಗಿನದರಲ್ಲಿ ಹೆಚ್ಚು. ಕುಕ್ಕರ್ ಅದೇ, ಉರಿ ಬೇರೆ. ಸಣ್ಣ ಉರಿಯಲ್ಲಿಟ್ಟ 4050, ದೊಡ್ಡ ಉರಿಯ 4050ಕ್ಕಿಂತ ಎಷ್ಟೋ ಹಿಂದೆ ಬೀಳುತ್ತದೆ. ಡಬ್ಬಿಯ ಮೇಲಿನ ಹೆಸರು ನೋಡಿ ದುಡ್ಡು ಕೊಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ. ಎಚ್‌ಪಿ ವಿಕ್ಟಸ್, ಲೆನೊವೊ ಎಲ್‌ಒಕ್ಯೂ, ಏಸರ್ ನೈಟ್ರೋ, ಆಸುಸ್ ಟಫ್ - ಮಧ್ಯಮ ಬೆಲೆಯವರ ಮುಂದೆ ಅಂಗಡಿಯವರು ಸಾಲಾಗಿ ಇಡುವುದು ಇವನ್ನೇ. ಒಂದೊಂದು ಹೆಸರಿನಡಿ ಹತ್ತಾರು ತಳಿ. ಪೂರ್ತಿ ಮಾಡೆಲ್ ನಂಬರು ಬರೆದುಕೊಂಡು ಕಂಪನಿಯ ವಿವರಪಟ್ಟಿಯಲ್ಲಿ ವ್ಯಾಟ್ ನೋಡುವುದೇ ದಾರಿ.

ಮೂರನೆಯದು ಪರದೆ. ದಿನಕ್ಕೆ ಆರೇಳು ಗಂಟೆ ಕಣ್ಣು ನೆಡುವ ಜಾಗ ಅದು. 144 ಹರ್ಟ್ಸ್ ಎಂದು ಎಲ್ಲರೂ ಹೇಳುತ್ತಾರೆ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ. ಬಣ್ಣದ ವಿಷಯ ಮಾತ್ರ ಮೆಲ್ಲಗೆ ನುಂಗುತ್ತಾರೆ. ವಿವರಪಟ್ಟಿಯಲ್ಲಿ ‘ಎನ್‌ಟಿಎಸ್‌ಸಿ ಶೇ. 45’ ಎಂದಿದ್ದರೆ ಬಣ್ಣಗಳು ಸಪ್ಪೆ, ‘ಎಸ್‌ಆರ್‌ಜಿಬಿ ಶೇ. 100’ ಎಂದಿದ್ದರೆ ಸರಿಯಾದ ಬಣ್ಣ. ಅಂಗಡಿಯ ದೀಪದಲ್ಲಿ ಸೀರೆ ನೋಡುವುದಕ್ಕೂ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಪರದೆಯನ್ನು ಆಮೇಲೆ ಬದಲಾಯಿಸುವುದು ದುಬಾರಿ ಉಸಾಬರಿ.

ನಾಲ್ಕನೆಯದು ರ‍್ಯಾಮ್. 16 ಜಿಬಿ ಬೇಕು, ಅದೂ 8ರ ಎರಡು ಕಡ್ಡಿಯಾಗಿ ಇದ್ದರೆ ಒಳ್ಳೆಯದು. ಬೆಳಗ್ಗೆ ಒಂದೇ ಗಂಟೆ ನೀರು ಬರುವ ಊರಿನಲ್ಲಿ ಸಂಸಾರ ಮಾಡಿದವಳಿಗೆ ಇದನ್ನು ವಿವರಿಸಬೇಕಿಲ್ಲ - ಒಂದು ನಲ್ಲಿಯಿಂದ ಡ್ರಮ್ ತುಂಬುವುದಕ್ಕೂ ಎರಡು ನಲ್ಲಿಯಿಂದ ತುಂಬುವುದಕ್ಕೂ ಇರುವ ಅಂತರ. ಶೇಖರಣೆಗೆ 512 ಜಿಬಿ ಎಸ್‌ಎಸ್‌ಡಿ. ಈಗಿನ ದೊಡ್ಡ ಆಟಗಳು ಒಂದೊಂದೂ 100 ಜಿಬಿ ದಾಟುವುದುಂಟು, ಆದ್ದರಿಂದ ಇನ್ನೊಂದು ಎಸ್‌ಎಸ್‌ಡಿ ಹಾಕಲು ಖಾಲಿ ಜಾಗ ಇರಬೇಕು.

ಇಷ್ಟೆಲ್ಲ ಕೇಳಿ ನಾನು ಒಂದೇ ಸಾಲಿನ ಸೂತ್ರ ಮಾಡಿಕೊಂಡೆ: ಆಮೇಲೆ ಸೇರಿಸಲು ಬಾರದ್ದಕ್ಕೆ ಈಗ ದುಡ್ಡು ಹಾಕು, ಸೇರಿಸಲು ಬರುವುದಕ್ಕೆ ಅವಸರ ಮಾಡಬೇಡ. ಕಾರ್ಡು, ವ್ಯಾಟು, ಪರದೆ, ಗಾಳಿ ಹೊರಹೋಗುವ ವ್ಯವಸ್ಥೆ - ಇವು ಮೊದಲನೇ ಗುಂಪು. ರ‍್ಯಾಮ್, ಎಸ್‌ಎಸ್‌ಡಿ ಎರಡನೇ ಗುಂಪು. ಈಗ ಕೊಳ್ಳುವವರಿಗೆ ಒಂದು ತಿದ್ದುಪಡಿ ಹೇಳಬೇಕು. 2025ರ ಕೊನೆಯಿಂದ ಎಐ ಕೇಂದ್ರಗಳ ಹಸಿವಿಗೆ ಮೆಮೊರಿ ಚಿಪ್ಪುಗಳು ಸಾಲದೆ ರ‍್ಯಾಮ್ ಬೆಲೆ ವಿಪರೀತ ಏರಿತು. ಹಾಗಾಗಿ ‘8 ಜಿಬಿ ಇರಲಿ, ಮುಂದೆ ನೋಡೋಣ’ ಎನ್ನುವುದಕ್ಕಿಂತ 16 ಇರುವುದನ್ನೇ ಕೊಳ್ಳುವುದು ಕ್ಷೇಮ.

ಲ್ಯಾಮಿಂಗ್ಟನ್ ರೋಡಿನಲ್ಲಿ ನಾವು ಇಳಿದದ್ದು ದಸರಾಕ್ಕೆ ಮುಂಚಿನ ಒಂದು ಶನಿವಾರ. ಮೊದಲ ಅಂಗಡಿಯಲ್ಲಿ ಮಗ ವ್ಯಾಟ್ ಎಷ್ಟು ಅಂತ ಕೇಳಿದ. “ಅರೆ ಭಾಯ್, ವ್ಯಾಟ್ ಕೌನ್ ದೇಖ್ತಾ ಹೈ? ಲೈಟ್ ದೇಖೋ!” ಅಂತ ಅಂಗಡಿಯವನು ಕೀಲಿಮಣೆಯ ಬಣ್ಣಬಣ್ಣದ ದೀಪ ಹೊತ್ತಿಸಿ ತೋರಿಸಿದ. ನಮ್ಮ ಗಣಪತಿ ಪೆಂಡಾಲಿನ ಹಾಗೆ ಮಿನುಗಿತು. ಮಗ “ಆಮೇಲೆ ಬರ್ತೀವಿ” ಅಂತ ಎದ್ದ. ನಾಲ್ಕು ಅಂಗಡಿ ಸುತ್ತಿ, ಉಡುಪಿ ಹೋಟೆಲೊಂದರಲ್ಲಿ ಇಡ್ಲಿ-ವಡೆ ತಿಂದು ಚೇತರಿಸಿಕೊಂಡು, ಐದನೆಯದಕ್ಕೆ ಹೋದೆವು. ಅಲ್ಲಿನ ಹಿರಿಯರು ಮಾತಾಡದೆ ವಿವರಪಟ್ಟಿ ತೆಗೆದು ಮಗನ ಮುಂದಿಟ್ಟರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಜಿಎಸ್‌ಟಿ ಇಳಿದಿದೆಯಲ್ಲ, ಬೆಲೆ ಇಳಿಯಲಿಲ್ಲವೇ ಅಂತ ಕೇಳಿದೆ. ಅವರು ನಕ್ಕರು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿ, ಎಸಿಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಲ್ಯಾಪ್‌ಟಾಪು ಮೊದಲೂ 18, ಆಮೇಲೂ 18. ‘ನೋ ಕಾಸ್ಟ್ ಇಎಂಐ’ ಬಗ್ಗೆ ಕೇಳಿದಾಗಲೂ ಅವರು ಬಿಡಿಸಿ ಹೇಳಿದರು: ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ಕಡಿತ ಮಾಡಿ ತೋರಿಸುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮಾತ್ರ ನಮ್ಮ ಜೇಬಿನದೇ. ನಾವು ಪೂರ್ತಿ ಕೊಟ್ಟೇ ತಂದೆವು. ಹಳೆಯ ಮಾಲು ಅಗ್ಗಕ್ಕೆ ಕೊಡುವವರೂ ಆ ಬೀದಿಯಲ್ಲಿ ಸಾಲುಗಟ್ಟಿದ್ದಾರೆ. ಆದರೆ ಗೇಮಿಂಗ್ ಲ್ಯಾಪ್‌ಟಾಪು ಓಡಿದ ಆಟೋದ ಹಾಗೆ. ಎಷ್ಟು ಬಿಸಿ ತಿಂದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಬಹಳ ಹಳೆಯದಾದರೆ ವಿಂಡೋಸ್ 11 ಅದರಲ್ಲಿ ಕೂರುವುದಿಲ್ಲ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು.

ನಮ್ಮ ಲೆಕ್ಕ ಹೀಗೆ ನಿಂತಿತು: ಲ್ಯಾಪ್‌ಟಾಪಿಗೆ 72 ಸಾವಿರ, ಮೈಕ್ ಇರುವ ಹೆಡ್‌ಫೋನಿಗೆ 2 ಸಾವಿರ. ಉಳಿದ ಒಂದು ಸಾವಿರ ಮನೆಗೆ. ಮನೆಗೆ ಯಾಕೆ ಅಂತೀರಾ? ಹಳೇ ಕಟ್ಟಡಗಳಲ್ಲಿ ಮೂರು ತೂತಿನ ಪ್ಲಗ್ಗು ಇರುತ್ತದೆ, ಅದರ ಹಿಂದೆ ಅರ್ತಿಂಗ್ ತಂತಿಯೇ ಇರುವುದಿಲ್ಲ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಗೇಮಿಂಗ್ ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಆಡಿದರೆ ಕಾರ್ಡಿಗೆ ಪೂರ್ತಿ ಶಕ್ತಿ ಸಿಗದು, ಪ್ಲಗ್ಗಿಗೆ ಹಾಕಿಯೇ ಆಡಬೇಕು. ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ ಹಾಲ್‌ನ ಒಂದು ಪ್ಲಗ್ಗಿಗೆ ಅರ್ತಿಂಗ್ ಸರಿಮಾಡಿಸಿದೆವು. ಉಳಿದ ಚಿಲ್ಲರೆಯಲ್ಲಿ ಇಂಟರ್‌ನೆಟ್ಟಿನ ಉದ್ದ ಕೇಬಲ್ ಬಂತು. ಗೋಡೆ ದಾಟಿ ಬರುವ ವೈಫೈಗಿಂತ ತಂತಿಯೇ ಮೇಲು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಜಾಗ ಇದೆಯೇ ಅಂತಲೂ ಕೊಳ್ಳುವ ಮೊದಲೇ ನೋಡಿದ್ದೆವು.

ಇನ್ನು ಸದ್ದು. ಮೊದಲ ರಾತ್ರಿ ಫ್ಯಾನು ಜೋರಾಗಿ ತಿರುಗಿದಾಗ ಹಾಲ್‌ನಲ್ಲಿ ಮಲಗಿದ್ದ ಅತ್ತೆ ಎದ್ದು ಕೂತು, “ಏನೋ ಅದು, ಹಿಟ್ಟಿನ ಗಿರಣಿ ತಂದಿಟ್ಕೊಂಡಿದೀಯಾ?” ಅಂದರು. ಮುಂಬಯಿಯ ಸೆಕೆಯಲ್ಲಿ ಪಾಪ ಅದಾದರೂ ಏನು ಮಾಡೀತು! ಮಗ ಆಟದ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60 ಚಿತ್ರ ಸಾಕು ಅಂತ ಕಟ್ಟುಹಾಕಿದ. ಕಾರ್ಡಿಗೆ ಕೆಲಸ ಇಳಿಯಿತು, ಬಿಸಿ ಇಳಿಯಿತು, ಗಿರಣಿ ನಿಂತಿತು. ಹಗಲು 144, ರಾತ್ರಿ 60 - ಇದು ನಮ್ಮ ಮನೆಯ ಒಪ್ಪಂದ. ಹಾಸಿಗೆಯ ಮೇಲಿಟ್ಟು ಆಡಕೂಡದು ಎಂಬುದು ಎರಡನೇ ಕಲಮು. ಹೊದಿಕೆ ಗಾಳಿಯ ಕಿಂಡಿ ಮುಚ್ಚುತ್ತದೆ.

ವ್ಯಾಲರಂಟ್‌ನ ಸರ್ವರು ಮುಂಬಯಿಯಲ್ಲೇ ಇದೆ. ನಮ್ಮ ಮನೆಯಿಂದ ಅಲ್ಲಿಗೆ ಹೋಗಿಬರಲು ಸೆಕೆಂಡಿನ ಸಾವಿರ ಭಾಗದಲ್ಲಿ ಹತ್ತು. ಅಣ್ಣನ ಮನೆಯಿಂದ ಮೂವತ್ತು-ನಲವತ್ತು. ಪರದೆಯ ಮೂಲೆಯಲ್ಲಿ ಆ ಅಂಕಿ ಕಾಣುತ್ತಿರುತ್ತದೆ. ತವರಿಗೆ ಹೋಗಬೇಕಾದರೆ ಒಂದು ರಾತ್ರಿಯೂ ಸಾಲದ ಪ್ರಯಾಣ ನನಗೆ. ಈ ಹುಡುಗರಿಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ.

ಶನಿವಾರ ರಾತ್ರಿ ಒಂಬತ್ತಕ್ಕೆ ಇಬ್ಬರೂ ಕೂರುತ್ತಾರೆ. ಈಗ ಅಣ್ಣನ ಮಗನ ಇಬ್ಬರು ಗೆಳೆಯರೂ ಸೇರಿದ್ದಾರೆ, ಒಬ್ಬ ಸಾಗರದವನು, ಇನ್ನೊಬ್ಬ ಭದ್ರಾವತಿಯವನು. ಆಟದಲ್ಲಿ ಎತ್ತರದ ಜಾಗಕ್ಕೆ ಲೋಕವೆಲ್ಲ ‘ಹೆವೆನ್’ ಅನ್ನುತ್ತದಂತೆ. ಇವರಿಗೆ ಅದು ಅಟ್ಟ. ಹಿಂದಿನ ಸಂದು ಹಿತ್ತಲು. ಕತ್ತಲೆ ಮೂಲೆ ಬಚ್ಚಲು. “ಅಟ್ಟದ ಮೇಲೊಬ್ಬ ಇದಾನೆ, ನೀನು ಹಿತ್ತಲಿಂದ ಬಾ, ನಾನು ಹೊಗೆ ಹಾಕ್ತೀನಿ...” “ನೀನೇ ಹೊಗೆ ಹಾಕಿಸ್ಕೊಂಡೆ ಬಿಡೋ!” ಅಂತ ನಾಲ್ಕೂ ಕಡೆಯಿಂದ ನಗು. ಡೊಂಬಿವಲಿಯ ಯಾವ ಮನೆಗೂ ಅಟ್ಟವಿಲ್ಲ, ಹಿತ್ತಲಿಲ್ಲ. ಹುಟ್ಟಿದಾರಭ್ಯ ಅಪಾರ್ಟ್‌ಮೆಂಟು ಬಿಟ್ಟು ಬೇರೆ ಕಾಣದ ಹುಡುಗನ ಬಾಯಲ್ಲಿ ಆ ಮಾತುಗಳು ಬರುತ್ತಿದ್ದರೆ ಅತ್ತೆಯೂ ನಿದ್ದೆ ಬಿಟ್ಟು ಕೇಳುತ್ತಾರೆ.

ಸಂಕ್ರಾಂತಿಯ ದಿನ ಅಮ್ಮ ಫೋನು ಮಾಡಿದ್ದಳು. ಮಗ ತಾನಾಗಿಯೇ ಫೋನು ತೆಗೆದುಕೊಂಡು, “ಅಜ್ಜಿ, ನಿಮ್ಮನೆ ಅಟ್ಟಕ್ಕೆ ಏಣಿ ಎಲ್ಲಿಂದ?” ಅಂತ ಕೇಳಿದ. ಅಮ್ಮ ಹೇಳುತ್ತಾ ಹೋದಳು - ಏಣಿ, ಅಟ್ಟದ ಮೇಲಿನ ತೊಟ್ಟಿಲು, ಆ ತೊಟ್ಟಿಲಲ್ಲಿ ಮಲಗಿದ ನಾನು... ಫೋನು ನನ್ನ ಕೈಗೆ ಬಂದಾಗ ಇಪ್ಪತ್ತು ನಿಮಿಷ ಕಳೆದಿತ್ತು.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಪರೀಕ್ಷೆಯ ವಾರದಲ್ಲಿ ಅದೇ ಲ್ಯಾಪ್‌ಟಾಪನ್ನು ಕಪಾಟಿಗೆ ಹಾಕಿ ಬೀಗ ಜಡಿಯುವವಳೂ ನಾನೇ. ಆದರೆ ಊರಿನಲ್ಲಿದ್ದು ಪುಣೆಗೋ ಹೈದರಾಬಾದಿಗೋ ಓದಲು ಹೊರಟ ಮಕ್ಕಳಿಗೆ ಇಂಥದೊಂದನ್ನು ಕೊಡಿಸುವವರು ವ್ಯಾಟ್ ಕೇಳಿ, ಪರದೆಯ ಬಣ್ಣ ನೋಡಿ, ಜಿಎಸ್‌ಟಿ ಬಿಲ್ಲು ಇಸಿದುಕೊಳ್ಳಿ, ಡಬ್ಬಿಯ ಮೇಲಿನ ಸೀರಿಯಲ್ ನಂಬರು ಬಿಲ್ಲಿನಲ್ಲಿದೆಯೇ ಹೋಲಿಸಿ. ವಾರಂಟಿ ಯಾವ ಯಾವ ಊರಿನಲ್ಲಿ ನಡೆಯುತ್ತದೆ ಅಂತ ವಿಚಾರಿಸಿ, ಯಾಕೆಂದರೆ ರಜೆಗೆ ಬಂದಾಗಲೇ ಅದು ಕೆಡುವುದು. ಇಷ್ಟರ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ - ‘ಯಾರ ಜತೆ ಆಡ್ತೀಯಾ?’ ಊರಿನ ಹುಡುಗರ ಜತೆ ಅಂದರೆ ಹೆಡ್‌ಫೋನಿಗೆ ಒಂದೈನೂರು ಹೆಚ್ಚೇ ಕೊಡಿ. ಮೈಕ್ ಚೆನ್ನಾಗಿರಬೇಕು.